ಸಗಣಿ ಹಚ್ಚದ ಕಾಳು

ಮಳೆಗಾಲದಲ್ಲಿ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಗೆ ಕೆಲಸವಿರುವುದಿಲ್ಲ. ಯಂತ್ರಗಳ ಪಟ್ಟಾ ಬಿಚ್ಚಿ ಸುತ್ತಿಟ್ಟಿರುತ್ತಾರೆ, ರೋಲರುಗಳಿಗೆ ಎಣ್ಣೆ ಸವರಿರುತ್ತಾರೆ, ಫಿಟ್ಟರು ತನ್ನ ಊರು ಸೇರಿರುತ್ತಾನೆ. ಉಳಿಯುವವರು ಕಾವಲುಗಾರ ಮತ್ತು ಮ್ಯಾನೇಜರು. ನಮ್ಮ ಕಾವಲುಗಾರನಿಗೆ ಕಿವಿ ಕೇಳುತ್ತಿರಲಿಲ್ಲ. ಹೀಗಾಗಿ ಮಾತಿನ ಮಟ್ಟಿಗೆ ಅಲ್ಲಿ ಇದ್ದವನು ನಾನೊಬ್ಬನೇ. ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲವನ್ನು ನಾನು ಗದಗಿಗೆ ಹೊಂದಿದ ಬೆಟಗೇರಿಯ ಜಿನ್ನಿನ ಹಿತ್ತಿಲಲ್ಲಿ ಕಂಪನಿ ಕೊಟ್ಟ ಮನೆಯಲ್ಲಿ ಹೀಗೆ ಕಳೆಯುತ್ತಿದ್ದೆ. ಹೆಂಡತಿ ಚೊಚ್ಚಲ ಬಾಣಂತನಕ್ಕೆ ಶಿರಹಟ್ಟಿಯ ತವರಿಗೆ ಹೋಗಿದ್ದಳು. ಊಟಕ್ಕೆ ಖಾನಾವಳಿ ಇತ್ತು. ಅಲ್ಲಿ ಬಡಿಸುವವನು "ಇನ್ನೊಂದು ರೊಟ್ಟಿ ಹಾಕ್ಲ್ಯಾ?" ಎಂದು ಕೇಳುವುದೇ ಎಷ್ಟೋ ದಿನ ನನ್ನ ಜೊತೆ ಯಾರಾದರೂ ಆಡಿದ ಏಕೈಕ ಮಾತಾಗಿರುತ್ತಿತ್ತು.

ಆ ದಿನಗಳಲ್ಲಿ ನನಗಿದ್ದ ಕೆಲಸವೆಂದರೆ ಬಿತ್ತನೆಯ ಕಾಳು. ನಮ್ಮ ಸಾಹುಕಾರರು, ಎಂದರೆ ಜಿನ್ನಿನ ಮಾಲೀಕರು, ಸೊರಟೂರಿನ ಕೆಲವು ಮನೆತನಗಳಿಗೆ ವಿಲಾಯತಿ ಹತ್ತಿಯ ಕಾಳು ಕೊಡುವುದಾಗಿ ಬೇಸಿಗೆಯಲ್ಲೇ ಮಾತು ಕೊಟ್ಟಿದ್ದರು. ಅಲ್ಲಿಯವರು ಅದುವರೆಗೆ ಬಿತ್ತುತ್ತಿದ್ದದ್ದು ಜವಾರಿ ಹತ್ತಿ. ಅದರ ಎಳೆ ಗಿಡ್ಡ, ಒರಟು. ವಿಲಾಯತಿಯ ಎಳೆ ಉದ್ದ, ಗದಗಿನ ಪೇಟೆಯಲ್ಲಿ ಅದಕ್ಕೆ ಬೇರೆಯದೇ ಮರ್ಯಾದೆ. ಸಾಹುಕಾರರ ಮಾತನ್ನು ನಂಬಿ ಆ ಜನ ತಮ್ಮ ಮನೆಯಲ್ಲಿದ್ದ ಜವಾರಿ ಕಾಳನ್ನು ಎಮ್ಮೆಗಳಿಗೆ ಹಾಕಿಬಿಟ್ಟಿದ್ದರು. ಹತ್ತಿ ಬಿತ್ತುವ ಹುಬ್ಬಾ ಮಳೆ ಬೀಳುವುದರೊಳಗೆ ಕಾಳು ಅವರ ಕೈಸೇರಬೇಕಿತ್ತು. ಅದಕ್ಕೆಂದು ವಿಲಾಯತಿಯ ಒಳ್ಳೆಯ ಹತ್ತಿಯನ್ನು ಆರಿಸಿ ಯಂತ್ರಕ್ಕೆ ಹಾಕಿಸಿ, ಕಾಳನ್ನು ಅಂಗಳದಲ್ಲಿ ಒಂದೇ ರಾಶಿಯಾಗಿ ಒಣಗಿಸಿ, ಚೀಲ ಹೊಲಿದು ಗೋದಾಮಿನಲ್ಲಿ ಒಂದರ ಮೇಲೊಂದರಂತೆ ಥಪ್ಪಿ ಹಚ್ಚಿಸಿದ್ದೆ.

ಕೊಡುವ ಮೊದಲು ಮೊಳಕೆ ನೋಡುವುದು ವಾಡಿಕೆ. ಒಂದು ಚೀಲದ ಹೊಲಿಗೆ ಬಿಚ್ಚಿದೆ. ಹತ್ತಿಕಾಳು ಜೋಳದಂತೆ ಸುರಿಯುವುದಿಲ್ಲ. ಮೈತುಂಬ ನವಿರಾದ ಜುಂಗು ಇರುವುದರಿಂದ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಮೊಣಕೈವರೆಗೆ ತೋಳು ತೂರಿಸಿ ಒಂದು ಹಿಡಿ ತೆಗೆದು ಒದ್ದೆ ಗೋಣಿಯ ಮೇಲೆ ಹರವಿದೆ. ಹಸಿರು ಛಾಯೆಯ ದಪ್ಪ ಕಾಳುಗಳ ನಡುವೆ ಬೂದಿ ಬಣ್ಣದ ಸಣ್ಣ ಕಾಳೊಂದು ಕಂಡಿತು. ಎತ್ತಿ ಆಚೆ ಇಟ್ಟೆ. ಇನ್ನೊಂದು ಕಂಡಿತು, ಮತ್ತೊಂದು ಕಂಡಿತು. ಅವು ಜವಾರಿ ಕಾಳುಗಳು.

ಬೇರೆ ಚೀಲ ಬಿಚ್ಚಿದೆ. ಥಪ್ಪಿಯ ಮೇಲಿನದು, ನಡುವಿನದು, ಗೋಡೆಗೆ ತಾಗಿದ್ದು. ಎಲ್ಲದರಲ್ಲೂ ಅದೇ ಕತೆ. ಒಂದೇ ರಾಶಿ ಮಾಡಿ ಒಣಗಿಸಿದ್ದರಿಂದ ಬೆರಕೆ ಎಲ್ಲ ಚೀಲಗಳಿಗೂ ಸಮನಾಗಿ ಹರಡಿಕೊಂಡಿತ್ತು. ಆ ಹೊತ್ತಿನಲ್ಲಿ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ಕಾವಲುಗಾರ ಬಂದು ನೋಡಿ, ಕಾಳು ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ಹೋದ.

ಜವಾರಿ ಇದರೊಳಗೆ ಹೇಗೆ ಹೊಕ್ಕಿತು ಎಂಬುದನ್ನು ತಿಳಿಯಲು ಜಿನ್ನಿನಲ್ಲಿ ಕಸ ಗುಡಿಸುವ ಹೆಂಗಸಿನ ಮನೆಗೆ ಹೋದೆ. ಬೆಟಗೇರಿಯಲ್ಲೇ ಮಗ್ಗದ ಓಣಿಯ ಹಿಂದೆ ಅವಳ ಮನೆ. ನನ್ನನ್ನು ಬಾಗಿಲಲ್ಲಿ ಕಂಡು ಅವಳ ಮುಖ ಬಿಳಿಚಿತು.

"ಬೇಸಿಗ್ಯಾಗ ಯಂತ್ರಕ್ಕ ಜವಾರಿ ಹಾಕೂದು ಮುಗದು ವಿಲಾಯತಿ ಹಾಕಿದ್ರಲಾ," ಎಂದೆ, "ಆವತ್ತು ಯಂತ್ರದ ಕೆಳಗ ಗುಡಿಸಿದ್ದಿಯೇನು?"

ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು. "ಇಲ್ರಿ ಯಪ್ಪಾ. ಆವತ್ತ ಶುಕ್ರವಾರ ಇತ್ರಿ. ಜವಾರಿ ಮುಗಿಯೂದ್ರಾಗ ದೀಪಾ ಹಚ್ಚಿದ್ರು. ಶುಕ್ರವಾರ ದೀಪಾ ಹಚ್ಚಿದ ಮ್ಯಾಲೆ ಕಸಬರಗಿ ಮುಟ್ಟಬಾರದು, ಲಕ್ಷ್ಮಿ ಹೊರಗ ಹೋಗ್ತಾಳ ಅಂತ ಸಾವ್ಕಾರ್ರ ಹೇಳ್ಯಾರಲ್ರಿ. ಮುಂಜಾನೆ ಬಂದು ಗುಡಿಸಿದ್ರಾತು ಅಂತ ಹೋದ್ನ್ರಿ. ನಾ ಬರೂದ್ರಾಗ ಯಂತ್ರಾ ಚಾಲೂ ಮಾಡಿದ್ರು."

ನಮ್ಮ ಕಡೆ ಮನೆಮನೆಯಲ್ಲೂ ಪಾಲಿಸುವ ರೂಢಿಯದು. ನನ್ನ ತಾಯಿಯೂ ದೀಪ ಹಚ್ಚಿದ ಮೇಲೆ ಕಸ ಗುಡಿಸುತ್ತಿರಲಿಲ್ಲ. ಸಾಹುಕಾರರು ಅದನ್ನು ಜಿನ್ನಿಗೂ ತಂದಿದ್ದರು, ಯಾರೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಫಿಟ್ಟರು, ನೆಲ ಗುಡಿಸಿ ಆಗಿದೆ ಎಂದುಕೊಂಡು ಬೆಳಿಗ್ಗೆ ಬೇಗ ಯಂತ್ರ ತಿರುಗಿಸಿದ್ದ. ಕೆಳಗೆ ರಾಶಿಯಾಗಿದ್ದ ಜವಾರಿ ಕಾಳಿನ ಮೇಲೆಯೇ ವಿಲಾಯತಿ ಬಿದ್ದಿತ್ತು. ನಾನು ಆಗ ಹತ್ತಿ ಖರೀದಿಗೆ ಮುಂಡರಗಿಯಲ್ಲಿದ್ದೆ.

"ನನ್ನ ಕೆಲಸಾ ಹೋಗ್ತೈತೇನ್ರಿ?" ಎಂದಳು.

"ನಿನ್ನ ಹೆಸರು ನಾ ಎತ್ತೂದಿಲ್ಲ," ಎಂದು ಹೇಳಿ ಬಂದೆ.

ಸಾಹುಕಾರರು ಚಳವಳಿಯಲ್ಲಿ ಜೈಲು ಕಂಡವರು. ಖಾದಿ ಬಿಟ್ಟು ಬೇರೆ ಬಟ್ಟೆ ತೊಟ್ಟದ್ದನ್ನು ನಾನು ನೋಡಿಲ್ಲ. ಅವರನ್ನು ನಾನು ಮನಸಾರೆ ಗೌರವಿಸುತ್ತಿದ್ದೆ, ಇಂದಿಗೂ ಅದು ಪೂರ್ತಿ ಹೋಗಿಲ್ಲ. ಗದಗಿನ ಅವರ ಮನೆಗೆ ಹೋಗಿ ಕಾಳಿನ ವಿಷಯವನ್ನೂ, ಯಾರ ಹೆಸರೂ ಎತ್ತದೆ ಶುಕ್ರವಾರ ನೆಲ ಗುಡಿಸದೆ ಉಳಿದದ್ದನ್ನೂ ಹೇಳಿದಾಗ ಅವರು ತೂಗುಮಣೆ ನಿಲ್ಲಿಸಿ ಕೇಳಿಸಿಕೊಂಡರು.

"ಎಷ್ಟು ಬೆರತೈತ್ರಿ ರಾಯರ?"

"ಪ್ರತಿ ಬೊಗಸಿಯೊಳಗೂ ಸಿಗತಾವ್ರಿ."

"ಹೊಲದಾಗ ಅಲ್ಲೊಂದು ಇಲ್ಲೊಂದು ಗಿಡಾ ಬ್ಯಾರೆ ಎದ್ರ ಏನಾತು?"

ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ, ಆದರೂ ಹೇಳಿದೆ. ಜವಾರಿ ಬೇರೆ ಹೊತ್ತಿಗೆ ಒಡೆಯುತ್ತದೆ, ವಿಲಾಯತಿ ಬೇರೆ ಹೊತ್ತಿಗೆ. ಬಿಡಿಸುವ ಹೆಂಗಸರು ಎರಡನ್ನೂ ಒಂದೇ ಉಡಿಗೆ ಹಾಕುತ್ತಾರೆ. ಪೇಟೆಯಲ್ಲಿ ದಲ್ಲಾಳಿ ಮೊದಲ ಹಿಡಿಯಲ್ಲೇ ಎಳೆ ಎಳೆದು ನೋಡಿ ಮುಖ ತಿರುಗಿಸುತ್ತಾನೆ. ಆ ಬೆಳೆಯ ಕಾಳೂ ಬೆರಕೆಯೇ ಆಗುತ್ತದೆ, ಮರುವರ್ಷ ಬಿತ್ತಿದರೆ ಅದೇ ಹಾಡು. ಎಲೆ ಬಿಡುವವರೆಗೆ ರೈತನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದಾಗ ಬಿತ್ತುವ ಮಳೆ ಹೋಗಿರುತ್ತದೆ.

ಕೇಳಿ ಮುಗಿದ ಮೇಲೆ ಅವರು ಮುಖ ಅರಳಿಸಿ ಹೇಳಿದರು. "ಒಂದು ಕೆಲಸಾ ಮಾಡ್ರಿ. ಈ ಸಲ ಕಾಳಿಗೆ ನಾವ ಸಗಣಿ ಹಚ್ಚಿ, ಒಣಗಿಸಿ ಕೊಡೂಣು. ಸ್ವಾತಂತ್ರ್ಯದ ಝಂಡಾ ಏರಿಸೂ ದಿನಾ ಎಲ್ಲಾರನ್ನೂ ಕರದು ನಮ್ಮ ಅಂಗಳದಾಗ ಹಂಚೂಣು. ರೈತರಿಗೂ ಒಂದು ಕೆಲಸಾ ಉಳೀತು, ಜನಾನೂ ನೆನಸ್ತಾರ."

ಹತ್ತಿಯ ಕಾಳನ್ನು ಹಾಗೆಯೇ ಬಿತ್ತಲು ಬರುವುದಿಲ್ಲ. ಕೂರಿಗೆಯ ಕೊಳವೆಯಲ್ಲಿ ಜುಂಗು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ರೈತರು ಸಗಣಿ ಮತ್ತು ಕೆಮ್ಮಣ್ಣಿನ ರಾಡಿಯಲ್ಲಿ ಕಾಳನ್ನು ಉಜ್ಜಿ ಬಿಸಿಲಿಗೆ ಒಣಗಿಸುತ್ತಾರೆ. ಒಮ್ಮೆ ಸಗಣಿ ಹಚ್ಚಿದರೆ ಹಸಿರು, ಬೂದಿ ಎಂಬ ಭೇದವಿಲ್ಲ, ಎಲ್ಲವೂ ಒಂದೇ ಬಣ್ಣದ ಗುಳಿಗೆ. ಇದನ್ನು ಹೇಳುವಾಗ ಸಾಹುಕಾರರ ಮುಖದಲ್ಲಿ ಕಪಟ ಕಾಣಲಿಲ್ಲ. ತಾವು ಉಪಕಾರ ಮಾಡುತ್ತಿದ್ದೇವೆಂದೇ ಅವರಿಗೆ ಅನ್ನಿಸತೊಡಗಿತ್ತು. ನನಗೆ ಭಯವಾದದ್ದು ಅದಕ್ಕೆ.

ಮರುದಿನವೇ ಸಗಣಿಯ ಗಾಡಿಗಳು ಬಂದವು. ಅಂಗಳದ ಮೂಲೆಯಲ್ಲಿ ಗುಡ್ಡೆ ಬಿದ್ದಿತು. ನಾನು ಮೋಡದ ನೆವ ಹೇಳಿ ಕೆಲಸ ಮುಂದೂಡಿದೆ. ಅದು ಸುಳ್ಳು ನೆವವೂ ಅಲ್ಲ. ರಾಡಿ ಹಚ್ಚಿದ ಕಾಳು ಬಿಸಿಲಿಲ್ಲದೆ ಒಣಗದಿದ್ದರೆ ಚೀಲದಲ್ಲೇ ಮೊಳೆತು ಕೊಳೆಯುತ್ತದೆ. ಸಾಹುಕಾರರು ಒಪ್ಪಿದರು. ಆದರೆ ದಿನವೂ ಮೋಡವನ್ನು ಪ್ರಾರ್ಥಿಸಿಕೊಂಡು ಮ್ಯಾನೇಜರಿಕೆ ಮಾಡುವುದು ಎಷ್ಟು ದಿನ ನಡೆದೀತು?

ಆ ವರ್ಷ ಅಧಿಕ ಮಾಸ. ಅಳಿಯನನ್ನು ಕರೆದು ಅಕ್ಕಿ-ಬೆಲ್ಲದ ಮೂವತ್ಮೂರು ಅನಾರಸ ಕೊಟ್ಟು ಊಟ ಹಾಕುವ ಪದ್ಧತಿಯಂತೆ ಶಿರಹಟ್ಟಿಯಿಂದ ಕರೆ ಬಂತು. ಹೋದೆ. ಅನಾರಸಕ್ಕಿಂತ ಹೆಚ್ಚಾಗಿ ಹೆಂಡತಿಗೆ ಎಲ್ಲ ಹೇಳಿಬಿಡಬೇಕೆಂಬ ಆಸೆ ನನ್ನನ್ನು ಎಳೆದೊಯ್ದಿತು. ಆದರೆ ಹಿರಿಯರಿರುವ ಮನೆಯಲ್ಲಿ ಅಳಿಯ ಹೆಂಡತಿಯ ಜೊತೆ ಕೂತು ಮಾತಾಡುವುದುಂಟೆ? ಪಡಸಾಲೆಯಲ್ಲಿ ಮಾವನವರು ನನ್ನನ್ನು ಕೂರಿಸಿಕೊಂಡು, "ನಿಮ್ಮ ಗದಗಿಗೆ ಸ್ವಾತಂತ್ರ್ಯ ಬರ್ತದ. ನಮ್ಮ ಸಂಸ್ಥಾನದ ಗತಿ ಏನು ಅಂತೀರಿ?" ಎಂದು ಕೇಳುತ್ತಲೇ ಇದ್ದರು. ಶಿರಹಟ್ಟಿ, ನನ್ನೂರು ಲಕ್ಷ್ಮೇಶ್ವರ ಎರಡೂ ಆಗ ಸಂಸ್ಥಾನದ ಊರುಗಳು. ಅಲ್ಲಿ ಯಾವ ಝಂಡಾ ಏರುವುದೋ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ವಿಷಯ ಆಡಲು ಸಂದು ಸಿಗಲಿಲ್ಲ.

ಹೊರಡುವಾಗ ಹೆಂಡತಿ ನೀರು ತಂದುಕೊಟ್ಟಳು. ಬಾಗಿಲ ಆಚೆ ಅತ್ತೆಯವರು ನಿಂತಿದ್ದರು.

"ಮಾರಿ ಯಾಕ ಇಳದದ?" ಎಂದಳು ಮೆಲ್ಲಗೆ.

"ಖಾನಾವಳಿ ಊಟ," ಎಂದೆ.

ಅವಳು ಇನ್ನೇನೋ ಕೇಳುವವಳಿದ್ದಳು. ಅತ್ತೆಯವರು ಕರೆದರು, ಹೋದಳು. ಅಷ್ಟು ದೂರ ಹೋಗಿ ನಾನು ಆಡಿ ಬಂದದ್ದು ಅಷ್ಟೇ. ಗದಗಿನ ಮೋಟಾರು ಬಸ್ಸಿನಲ್ಲಿ ಕೂತಾಗ ಕಣ್ಣು ತುಂಬಿ ಬಂತು. ತೊಡೆಯ ಮೇಲಿದ್ದ ಅನಾರಸದ ಡಬ್ಬಿಯ ಮೇಲೂ ಸಿಟ್ಟು ಬಂತು.

ಸೊರಟೂರಿನಲ್ಲಿ ಮೋಟಾರು ನಿಂತಾಗ ಒಬ್ಬ ಹಿರಿಯ ರೈತ ಹತ್ತಿದ. ಕಾಳು ಬೇಡಿದವರ ಮುಂದಾಳು ಅವನೇ. ನನ್ನನ್ನು ಕಂಡು ಪಕ್ಕಕ್ಕೇ ಬಂದು ಕೂತ.

"ಹೊಲಾ ಹಸನ ಮಾಡಿ ಇಟ್ಟೇವ್ರಿ ಸಾಹೇಬ್ರ. ಒಂದು ಕಲ್ಲಿಲ್ಲ, ಒಂದು ಕರಕಿ ಹುಲ್ಲಿಲ್ಲ. ಯಾವಾಗ ಬರೂಣ್ರಿ ಕಾಳಿಗೆ?"

ಅಲ್ಲೇ ಹೇಳಿಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಧಣಿಯ ಬೆನ್ನ ಹಿಂದೆ ಮೋಟಾರಿನಲ್ಲಿ ಪಿಸುಗುಟ್ಟುವುದಕ್ಕೆ ಮನಸ್ಸು ಒಪ್ಪಲಿಲ್ಲ. ನಾನು ಅವರ ಮ್ಯಾನೇಜರು. ಹೇಳುತ್ತೇನೆಂದು ಮೊದಲು ಅವರಿಗೆ ತಿಳಿಸಿ, ಆಮೇಲೆ ಇವರಿಗೆ ಹೇಳಬೇಕು. "ಸ್ವಲ್ಪ ತಡೀರಿ, ನಾನ ಊರಿಗೆ ಬಂದು ಹೇಳ್ತೀನಿ," ಎಂದೆ. ಗದಗು ಬರುವವರೆಗೂ ಅವನು ತನ್ನ ಹೊಲದ ಬಗ್ಗೆಯೇ ಮಾತಾಡಿದ. ಎದ್ದು ಬೇರೆ ಕಡೆ ಕೂರುವ ಹಾಗಿರಲಿಲ್ಲ, ಕೇಳಿದೆ. ಸಗಣಿ ಹಚ್ಚಿಸುವ ಕೆಲಸ ನನ್ನ ಕೈಯಿಂದ ಆಗುವುದಿಲ್ಲವೆಂದು ಗಟ್ಟಿಯಾದದ್ದು ಆ ದಾರಿಯಲ್ಲಿ.

ಮೋಟಾರು ಇಳಿದವನೇ ನೆಟ್ಟಗೆ ಸಾಹುಕಾರರ ಮನೆಗೆ ನಡೆದೆ.

"ಕಾಳಿಗೆ ಸಗಣಿ ಹಚ್ಚಸೂದಿಲ್ರಿ ನಾನು. ಬೆರಕಿ ಅದ ಅಂತ ಸೊರಟೂರಿಗೆ ಹೋಗಿ ಹೇಳ್ತೀನಿ. ನಿಮ್ಮ ಕಿವಿಗೆ ಮೊದಲು ಹಾಕಬೇಕಂತ ಬಂದೆ."

ಅವರು ನನ್ನತ್ತ ನೋಡಲಿಲ್ಲ. "ನಿಮಗ ಕೂಸು ಆಗೂದೈತಿ ಅಲ್ರಿ ರಾಯರ?" ಎಂದರು. "ಇರೂ ಮನೀನೂ ಜಿನ್ನಿಂದ."

"ಹೌದ್ರಿ."

ತೂಗುಮಣೆ ಎರಡು ಸಲ ಹಿಂದೆ ಮುಂದೆ ಹೋಯಿತು. ನನ್ನನ್ನು ಕೆಲಸದಿಂದ ತೆಗೆದು ಬೇರೊಬ್ಬನಿಂದ ಆ ಕೆಲಸ ಮಾಡಿಸಬಹುದಿತ್ತು, ಆದರೆ ನಾನು ಬಾಯಿ ಮುಚ್ಚುವವನಲ್ಲವೆಂದು ಅವರಿಗೆ ತಿಳಿದಿತ್ತು. ಕೊನೆಗೆ ಹೇಳಿದರು. "ಹೇಳ್ರಿ. ಆದ್ರ ಶುಕ್ರವಾರದ ಮಾತು ಎತ್ತಬ್ಯಾಡ್ರಿ. ಸಾವ್ಕಾರನ ಮಡಿಯಿಂದ ಊರ ಕಾಳು ಕೆಟ್ಟಿತು ಅಂತ ಪ್ಯಾಟ್ಯಾಗ ನಗಬಾರದು. ಮ್ಯಾನೇಜರ ನೀವು, ದೇಖರೇಖಿ ನಿಮ್ಮದು. ಹಂಗ ಹೇಳ್ರಿ."

ಒಪ್ಪದಿದ್ದರೆ ಮಾತು ಕಸಬರಿಗೆಗೆ ಬರುತ್ತಿತ್ತು, ಕಸಬರಿಗೆಯಿಂದ ಅದನ್ನು ಹಿಡಿದ ಕೈಗೆ ಬರುತ್ತಿತ್ತು. ಆ ಹೆಂಗಸಿಗೆ ಮಾತು ಕೊಟ್ಟಿದ್ದೆ. ನಾನೂ ಎರಡು ಷರತ್ತು ಹಾಕಿದೆ. ಸಾಧ್ಯವಾದಷ್ಟು ಕಾಳನ್ನು ಕೈಯಿಂದ ಆರಿಸಲು ಹೆಂಗಸರನ್ನು ಕೂಲಿಗೆ ಹಚ್ಚಬೇಕು, ಉಳಿದದ್ದು ದನದ ಮೇವಿಗಲ್ಲದೆ ಬಿತ್ತುವವರ ಕೈಗೆ ಹೋಗಕೂಡದು. "ಆತು," ಎಂದರು. ಕಾಳಿನ ವಿಷಯದಲ್ಲಿ ನಿಜ, ನನ್ನ ವಿಷಯದಲ್ಲಿ ಸುಳ್ಳು, ಎರಡನ್ನೂ ಒಂದೇ ಬಾಯಲ್ಲಿ ಹೇಳುವುದೆಂದು ತೀರ್ಮಾನವಾಯಿತು. ಸರಿಯೋ ತಪ್ಪೋ ಎಂದು ಯಾರನ್ನಾದರೂ ಕೇಳೋಣವೆಂದರೆ ನನಗೆ ಯಾರಿದ್ದರು?

ಸೊರಟೂರಿನ ಚಾವಡಿಯಲ್ಲಿ ಜನ ಸೇರಿದರು. ನಾನು ಎರಡು ಹಿಡಿ ಕಾಳನ್ನು ಬಿಳಿ ವಸ್ತ್ರದ ಮೇಲೆ ಹರವಿ, ಹಸಿರಿನದು ಬೇರೆ, ಬೂದಿಯದು ಬೇರೆ ಮಾಡಿ ತೋರಿಸಿದೆ. ಹೇಳಬೇಕಾದದ್ದನ್ನು ಹೇಳಿದೆ. ನಿಜ ಹೇಳಿದವನನ್ನು ಜನ ಸಿಟ್ಟಾದರೂ ಮೆಚ್ಚುತ್ತಾರೆಂದು ಮನಸ್ಸಿನ ಮೂಲೆಯಲ್ಲಿ ನಂಬಿಕೊಂಡಿದ್ದೆ ಎಂದು ಕಾಣುತ್ತದೆ. ಹಾಗಾಗಲಿಲ್ಲ.

"ನಮ್ಮ ಕಾಳು ಎಮ್ಮಿ ತಿಂದ್ವು," ಎಂದ ಒಬ್ಬ. "ನಿಮ್ಮ ಕಾಳೂ ಎಮ್ಮಿಗೇ ಅಂತೀರಿ. ಹೊಲಕ್ಕ ಏನ ಹಾಕೂಣು?"

"ಕಾಳು ಬೆರಿಯೂಮಟಾ ನೀವ ಎಲ್ಲಿದ್ರಿ? ನಿದ್ದಿ ಹೊಡ್ಯಾಕತ್ತಿದ್ರೇನು?" ಎಂದ ಇನ್ನೊಬ್ಬ.

"ನನ್ನ ದೇಖರೇಖಿಯೊಳಗ ಆಗೇದ್ರಿ," ಎಂದೆ.

ಮೋಟಾರಿನಲ್ಲಿ ಪಕ್ಕ ಕೂತಿದ್ದ ಹಿರಿಯ ಬಗ್ಗಿ ಒಂದು ಬೂದಿ ಕಾಳು ಎತ್ತಿಕೊಂಡ. "ಆವತ್ತ ಗದಗಿನ ಮಟಾ ನನ್ನ ಬಾಜೂಕ ಕುಂತಿದ್ರಿ," ಎಂದ. "ಆವಾಗೂ ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದೆ. ಅವನು ಎದ್ದು ಹೆಗಲ ಮೇಲಿನ ಟವೆಲ್ ಕೊಡವಿ ಚಾವಡಿ ಇಳಿದು ಹೋದ. ಬೈದವರ ಮಾತಿಗಿಂತ ಅವನು ಆ ಟವೆಲ್ ಕೊಡವಿದ ರೀತಿ ಇಂದಿಗೂ ನನ್ನನ್ನು ಚುಚ್ಚುತ್ತದೆ. ಗದಗಿಗೆ ಗಾಡಿ ಹೂಡಿ ಕಳಿಸುವವರು ಯಾರೂ ಸಿಗದೆ ನಾನು ಅಸುಂಡಿಯವರೆಗೆ ಕೆಸರಿನಲ್ಲಿ ನಡೆದು ಬಂದೆ.

ಆರಿಸುವ ಕೆಲಸ ಶುರುವಾಯಿತು. ಗೋದಾಮಿನ ಬಾಗಿಲ ಬೆಳಕಿನಲ್ಲಿ ಹೆಂಗಸರು ಮೊರ ಹಿಡಿದು ಸಾಲಾಗಿ ಕೂತರು, ನಾನೂ ಒಂದು ಮೊರ ತೆಗೆದುಕೊಂಡೆ. ಜುಂಗಿನಿಂದ ಅಂಟಿಕೊಂಡ ಕಾಳನ್ನು ಬಿಡಿಬಿಡಿಯಾಗಿ ಮಾಡಿ ಒಂದೊಂದನ್ನೇ ನೋಡಬೇಕು. ಮೋಡ ಕವಿದರೆ ಹಸಿರು, ಬೂದಿ ಎರಡೂ ಒಂದೇ ಆಗಿ ಕಾಣುತ್ತವೆ, ಆಗ ಕೈ ಕಟ್ಟಿ ಕೂರಬೇಕು. ಅನುಮಾನ ಬಂದ ಕಾಳನ್ನು ಮೇವಿಗೇ ಹಾಕಿರೆಂದು ಹೇಳಿದ್ದೆ. ಗುಡಿಸುವ ಹೆಂಗಸೂ ಬಂದಿದ್ದಳು. ಯಾರ ಮುಖವನ್ನೂ ನೋಡದೆ, ಎಲ್ಲರಿಗಿಂತ ಬೇಗ ಆರಿಸುತ್ತಿದ್ದಳು. ಒಂದೇ ಒಂದು ಸಲ, ಪಕ್ಕದಲ್ಲಿ ಯಾರೂ ಇಲ್ಲದಾಗ, "ನೀವ್ಯಾಕ್ರಿ ಯಪ್ಪಾ ಹೊತ್ಗೊಂಡ್ರಿ?" ಎಂದಳು. ನಾನು ಮೊರ ಹತ್ತಿರಕ್ಕೆ ಎಳೆದುಕೊಂಡೆ. "ಕಾಳು ನೋಡು," ಎಂದೆ.

ಝಂಡಾ ಏರಿಸುವ ದಿನ ಹೆಂಗಸರಿಗೆ ರಜೆ ಕೊಟ್ಟೆ. ಕಾವಲುಗಾರನೂ ಹೊಸ ಪಟಗಾ ಸುತ್ತಿಕೊಂಡು ಗದಗಿಗೆ ಹೋದ. ನನ್ನನ್ನು ಯಾರೂ ಕರೆದಿರಲಿಲ್ಲ. ಪೇಟೆಯಲ್ಲಿ ಜೊತೆಗೆ ಚಹಾ ಕುಡಿಯುತ್ತಿದ್ದ ಬೇರೆ ಜಿನ್ನಿನ ಮ್ಯಾನೇಜರುಗಳು, ಇವನಿಂದ ನಾಳೆ ನಮಗೂ ಪ್ರಶ್ನೆ ಬರುತ್ತದೆಂದೋ ಏನೋ, ಆಗಲೇ ನನ್ನನ್ನು ದೂರ ಇಟ್ಟಿದ್ದರು. ಬಾಗಿಲಲ್ಲಿ ಮೊರ ಇಟ್ಟುಕೊಂಡು ಕೂತೆ. ದೂರದಿಂದ ಬ್ಯಾಂಡು, ಜೈಕಾರ ಅಲೆಅಲೆಯಾಗಿ ಬರುತ್ತಿತ್ತು. ಆ ದಿನಕ್ಕಾಗಿ ನಾನೂ ಎಷ್ಟು ವರ್ಷ ಕಾದಿದ್ದೆ! ಎದ್ದು ಹೋಗಿ ಗುಂಪಿನ ಹಿಂದೆ ನಿಂತಿದ್ದರೆ ಯಾರು ಬೇಡ ಎನ್ನುತ್ತಿದ್ದರು? ಹೋಗಲಿಲ್ಲ. ಒಬ್ಬನೇ ಒಮ್ಮೆ ಎದ್ದು ನಿಂತು ಕೈಮುಗಿದೆ, ಮತ್ತೆ ಕೂತು ಆರಿಸಿದೆ. ನನ್ನ ಜೀವನದಲ್ಲಿ ಅಷ್ಟು ಒಂಟಿಯಾದ ದಿನ ಇನ್ನೊಂದಿಲ್ಲ.

ಹುಬ್ಬಾ ಮಳೆ ಬರುವ ಹೊತ್ತಿಗೆ ಆರಿಸಿ ಉಳಿದ ಅಸಲು ಕಾಳು ಬಹಳ ಕಡಿಮೆ. ಕೇಳಿದವರಲ್ಲಿ ಒಬ್ಬಿಬ್ಬರಿಗೆ ಹೊಲ ತುಂಬ ಕೊಡಬಹುದಿತ್ತು, ಇಲ್ಲವೆ ಎಲ್ಲರಿಗೂ ಒಂದೊಂದು ಪಟ್ಟಿ ನೆಲಕ್ಕಾಗುವಷ್ಟು. ಎಲ್ಲರಿಗೂ ಕೊಡುವುದೆಂದು ನಿರ್ಧರಿಸಿದೆ. ಆ ಪಟ್ಟಿಯ ಹತ್ತಿಯನ್ನು ಜಿನ್ನಿಗೆ ತರದೆ ಮನೆಯಲ್ಲೇ ಕೈಯಿಂದ ಬಿಡಿಸಿ, ಕಾಳನ್ನು ಮರುವರ್ಷಕ್ಕೆ ಇಟ್ಟುಕೊಂಡರೆ ಆಗ ಹೊಲ ತುಂಬುತ್ತದೆ. ಈ ವರ್ಷ ಉಳಿದ ನೆಲಕ್ಕೆ ಬಿಳಿಜೋಳ, ಕಡಲೆ. ಜಿನ್ನಿನ ಮ್ಯಾನೇಜರೇ ಜಿನ್ನಿಗೆ ಹತ್ತಿ ತರಬೇಡಿ ಎಂದು ಹೇಳುವ ಪ್ರಸಂಗ ಅದೊಂದೇ ಇರಬೇಕು.

ಕಾಳನ್ನು ಸಾಹುಕಾರರು ತಮ್ಮ ಕೈಯಾರೆ ಹಂಚಿದರು. "ಕೆಟ್ಟದ್ದನ್ನ ಬಿತ್ತಾಕ ನಾವು ಕೊಡೂದಿಲ್ಲ, ನಷ್ಟಾ ಆದರೂ ಅಡ್ಡಿಯಿಲ್ಲ," ಎಂದರು. ಜನ ಅವರ ಕಾಲು ಮುಟ್ಟಿದರು. ನಾನು ಹಿಂದೆ ನಿಂತು ಅಳೆದು ಕೊಡುತ್ತಿದ್ದೆ. ಹಿರಿಯ ರೈತ ತನ್ನ ಪಾಲು ಒಡ್ಡಿಕೊಂಡಾಗ ನನ್ನ ಕೈಯನ್ನು ನೋಡಿದ, ಮುಖವನ್ನು ನೋಡಲಿಲ್ಲ.

ಭಾದ್ರಪದದಲ್ಲಿ ಮಗಳು ಹುಟ್ಟಿದಳು. ಸಾಹುಕಾರರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಮತ್ತೆ ಮೊದಲಿನಂತೆ ಮಾತಾಡಿಸಲೂ ಇಲ್ಲ. ಕೆಲವು ಹಂಗಾಮು ಕಳೆದ ಮೇಲೆ ನಾನೇ ಬಿಟ್ಟು ಲಕ್ಷ್ಮೇಶ್ವರಕ್ಕೆ ಬಂದು ಬೇರೆ ಕೆಲಸ ಹಿಡಿದೆ. ಹೆಂಡತಿಗೆ ಎಲ್ಲವನ್ನೂ ಹೇಳಿದ್ದು ಆಮೇಲೆಯೇ. ಅಷ್ಟರಲ್ಲಿ ಸಾಹುಕಾರರು ತೀರಿಕೊಂಡಿದ್ದರು.

ಏಕೀಕರಣವಾದ ವರ್ಷ, ಚಳಿ ಆಗತಾನೆ ಹಿಡಿದಿತ್ತು. ಗದಗಿನಿಂದ ಶಿರಹಟ್ಟಿಯ ಬಸ್ಸು ಹತ್ತಿದ್ದೆ. ಮುಂದಿನ ಸೀಟಿನಲ್ಲಿ ಸೊರಟೂರಿನ ಒಬ್ಬ ರೈತ, ಅವನ ಪಕ್ಕದಲ್ಲಿ ಯಳವತ್ತಿಯ ಅವನ ಬೀಗ. ಕಿಟಕಿಯಿಂದ ಹತ್ತಿಯ ಹೊಲ ತೋರಿಸಿ ಸೊರಟೂರಿನವನು ಹೇಳುತ್ತಿದ್ದ.

"ನಮ್ಮೂರ ವಿಲಾಯತಿ ಅಂದ್ರ ಪ್ಯಾಟ್ಯಾಗ ಎಳಿ ನೋಡೂದಿಲ್ಲ, ಹಂಗ ತೂಗತಾರ. ಹಿಂದಕ ಜಿನ್ನಿನ್ಯಾಗ ಒಬ್ಬ ಮ್ಯಾನೇಜರ ಇದ್ದ. ಕಾಳೆಲ್ಲಾ ಕಲಬೆರಕಿ ಮಾಡಿ ಕೆಡಿಸಿಬಿಟ್ಟಿದ್ದ. ಸಾವ್ಕಾರ ದೇವರಂಥಾ ಮನಷ್ಯಾ, ಅದನ್ನ ತಡದು ಅಸಲ ಕಾಳ ಆರಿಸಿ ಕೊಟ್ಟ. ಅದ ಕಾಳ ನೋಡು ಇವತ್ತಿಗೂ ಬಿತ್ತೂದು."

"ಆ ಮ್ಯಾನೇಜರ ಏನಾದ?" ಎಂದ ಬೀಗ.

"ಯಾಂವಗ ಗೊತ್ತು. ಕಲಬೆರಕಿ ಮ್ಯಾನೇಜರ ಅಂತ ಇನ್ನೂ ಅಂತೇವಿ."

ಸೀಟಿನಲ್ಲಿ ಮುಂದಕ್ಕೆ ಬಾಗಿದೆ. ಆ ಮ್ಯಾನೇಜರ ನಾನೇ ಎನ್ನಲು ಬಾಯಿ ತೆರೆದೆ. ಈಗ ತಡೆಯುವವರು ಯಾರೂ ಇರಲಿಲ್ಲ. ಆದರೆ ಕಣ್ಣು ಕಿಟಕಿಯ ಆಚೆ ಹೋಯಿತು. ಹೊಲದ ಉದ್ದಕ್ಕೂ ಅಗಲ ಎಲೆಯ ಗಿಡಗಳು, ತಿಳಿ ಬಿಳುಪಿನ ಹೂವು. ಜವಾರಿಯ ಅಚ್ಚ ಹಳದಿ ಹೂವಿಗಾಗಿ ಸಾಲು ಸಾಲು ಹುಡುಕಿದೆ. ಒಂದೂ ಇರಲಿಲ್ಲ.

ಸೊರಟೂರಿನವನು ಹಿಂತಿರುಗಿ ನೋಡಿದ. ನಾನು ಏನೋ ಹೇಳಹೊರಟಿದ್ದು ಅವನಿಗೆ ತಿಳಿದಿರಬೇಕು. "ಏನ್ರಿ?" ಎಂದ.

"ಬೆಳಿ ಛಲೋ ಅದ," ಎಂದೆ.

"ಹೌದಲ್ರಿ," ಎಂದು ನಕ್ಕು, ಊರು ಬಂತೆಂದು ಎದ್ದು ನಿಂತ.